ದ್ರಾಕ್ಷಿ ಸೀಮೆಯಲ್ಲಿ ಒಂದು ದಿನ



ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಂಗಡಿಯವನು ಗೋಲಿಯ ಮೇಲೆ ಕೈಯಿಟ್ಟು ಒತ್ತುತ್ತಾನೆ. ಕೀಂಯ್ ಎಂದು ಸದ್ದಾಗುತ್ತದೆ. ಗುಳ್ಳೆಗಳು ಬುಸುಬುಸು ಮೇಲೆ ಬರುತ್ತವೆ. ಒಂದು ಗುಟುಕು ಒಳಗೆ ಹೋದರೆ ಮೂಗಿನ ತುದಿಗೆ ಚುರುಕು ಮುಟ್ಟುತ್ತದೆ. ಆ ಗುಳ್ಳೆ ಎಲ್ಲಿಂದ ಬಂತು? ಯಂತ್ರದಿಂದ. ನೀರಿಗೆ ಅನಿಲವನ್ನು ಒತ್ತಿ ತುಂಬಿದ್ದಾರೆ.

ಇದೇ ಗುಳ್ಳೆ ಯಂತ್ರವಿಲ್ಲದೆ, ಮುಚ್ಚಿದ ಬಾಟಲಿಯೊಳಗೆ ತಾನಾಗಿ ಹುಟ್ಟುವ ಒಂದು ಪಾನೀಯವಿದೆ. ಅದು ದ್ರಾಕ್ಷಿಯಿಂದ ಆಗುವ ವೈನ್. ಗುಳ್ಳೆ ಏಳುವ ವೈನ್. ಅದನ್ನು ಮಾಡುವ ಸೀಮೆಗಳಿಗೆ ಜನ ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತಾರೆ. ಜೊತೆಯಲ್ಲಿ ಒಬ್ಬ ಮಾರ್ಗದರ್ಶಿ ಇರುತ್ತಾರೆ. ತೋರಿಸುತ್ತಾರೆ, ಹೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಆ ಒಂದು ದಿನದ ಪಯಣದ ಬಗ್ಗೆ ಇವತ್ತಿನ ಮಾತು.

ಮೊದಲಿಗೇ ಒಂದು ವಿಷಯ ಹೇಳಿಬಿಡುತ್ತೇನೆ. ಕುಡಿಯಿರಿ ಎಂದು ಹೇಳಲು ನಾನು ಈ ಮೈಕಿನ ಮುಂದೆ ಕೂತಿಲ್ಲ. ನನಗೆ ಆ ಅಭ್ಯಾಸವಿಲ್ಲ. ಕುಡಿತ ಎಷ್ಟು ಮನೆ ಹಾಳು ಮಾಡಿದೆ ಎಂಬುದನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು. ನನ್ನ ಮಾತು ಬೇರೆ. ಒಂದು ನೆಲವನ್ನು, ಒಂದು ಕಸುಬನ್ನು, ಎಲ್ಲಿಂದಲೋ ಬಂದವರಿಗೆ ಒಂದೇ ದಿನದಲ್ಲಿ ಅರ್ಥವಾಗುವಂತೆ ತೋರಿಸುವುದು ಹೇಗೆ? ಆ ಸೀಮೆಯವರು ಇದನ್ನು ಕಲಿತಿದ್ದಾರೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದವರಾದ ನಾವು ಇನ್ನೂ ಕಲಿಯಬೇಕಾಗಿದೆ.

ಮೊದಲು ದೂರದ ಊರಿಗೆ ಹೋಗೋಣ.

ಫ್ರಾನ್ಸ್ ದೇಶದಲ್ಲಿ ಶಾಂಪೇನ್ ಎಂಬ ಸೀಮೆಯಿದೆ. ರಾಜಧಾನಿ ಪ್ಯಾರಿಸ್ಸಿನಿಂದ ಪೂರ್ವಕ್ಕೆ, ಸುಮಾರು 150 ಕಿಲೋಮೀಟರ್. ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬೆಳಗಿನ ರೈಲು ಹತ್ತಿದವರು ರೀಮ್ಸ್ ಎಂಬ ಊರಿನಲ್ಲಿ ಇಳಿಯುತ್ತಾರೆ. ಅಲ್ಲಿ ಒಂದು ದೊಡ್ಡ ಚರ್ಚು. ಫ್ರಾನ್ಸಿನ ಅರಸರಿಗೆ ನೂರಾರು ವರ್ಷ ಪಟ್ಟ ಕಟ್ಟಿದ್ದು ಅಲ್ಲಿಯೇ. ಅದನ್ನು ನೋಡಿದ ಮೇಲೆ ನೆಲಮಾಳಿಗೆಗೆ ಇಳಿಸುತ್ತಾರೆ. ಆ ಊರಿನ ಕೆಳಗಿರುವುದು ಸೀಮೆಸುಣ್ಣದಂಥ ಬಿಳಿ ಕಲ್ಲು. ಹಿಂದಿನವರು ಕಟ್ಟಡಕ್ಕೆಂದು ಆ ಕಲ್ಲನ್ನು ತೋಡಿ ತೆಗೆದರು. ಉಳಿದ ಗುಂಡಿಗಳಲ್ಲಿ ಈಗ ಬಾಟಲಿಗಳನ್ನು ಮಲಗಿಸಿದ್ದಾರೆ. ಮೇಲೆ ಬಿಸಿಲಿರಲಿ, ಹಿಮವಿರಲಿ, ಕೆಳಗೆ ವರ್ಷಪೂರ್ತಿ ಸುಮಾರು 10 ಡಿಗ್ರಿ ತಂಪು. ಪಕ್ಕದ ಎಪರ್ನೆ ಊರಿನ ಕೆಳಗೆ ಇಂಥ ಸುರಂಗಗಳು 100 ಕಿಲೋಮೀಟರಿಗೂ ಹೆಚ್ಚು ಉದ್ದ ಇವೆ. ನಮ್ಮ ರೋಣದಿಂದ ಹುಬ್ಬಳ್ಳಿಗೆ ನೆಲದಡಿಯಲ್ಲೇ ನಡೆದು ಹೋದಷ್ಟು ದೂರ.

ಅಲ್ಲಿ ಮಾರ್ಗದರ್ಶಿ ಗುಳ್ಳೆಯ ಕಥೆ ಹೇಳುತ್ತಾರೆ. ಅದನ್ನು ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ ಕೇಳಿ. ರಾತ್ರಿ ದೋಸೆಯ ಹಿಟ್ಟು ರುಬ್ಬಿ ಮುಚ್ಚಿಡುತ್ತೀರಿ. ಬೆಳಿಗ್ಗೆ ನೋಡಿದರೆ ಹಿಟ್ಟು ಉಬ್ಬಿ ಮುಚ್ಚಳವನ್ನೇ ಎತ್ತಿರುತ್ತದೆ. ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ಅನಿಲ ಬಿಟ್ಟಿರುತ್ತವೆ. ದ್ರಾಕ್ಷಿ ರಸದಲ್ಲೂ ಹಾಗೆಯೇ. ಅಲ್ಲಿ ಕೆಲಸ ಮಾಡುವ ಜೀವಿಗೆ ಯೀಸ್ಟ್ ಎಂದು ಹೆಸರು. ಅದು ಸಕ್ಕರೆಯನ್ನು ತಿನ್ನುತ್ತದೆ. ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತವೆ. ತೆರೆದ ಪಾತ್ರೆಯಾದರೆ ಅನಿಲ ಗಾಳಿಗೆ ಹೋಗಿಬಿಡುತ್ತದೆ. ಉಳಿಯುವುದು ಸಾದಾ ವೈನ್.

ಶಾಂಪೇನಿನವರು ಇಲ್ಲಿಗೆ ನಿಲ್ಲುವುದಿಲ್ಲ. ಆ ಸಾದಾ ವೈನಿಗೆ ಇನ್ನಷ್ಟು ಸಕ್ಕರೆ, ಇನ್ನಷ್ಟು ಯೀಸ್ಟ್ ಹಾಕಿ, ಗಟ್ಟಿ ಬಾಟಲಿಗೆ ತುಂಬಿ, ಬಾಯಿ ಬಿಗಿಯುತ್ತಾರೆ. ಒಳಗೆ ಎರಡನೆಯ ಸಲ ಹುದುಗು ಏಳುತ್ತದೆ. ಈ ಸಲ ಅನಿಲಕ್ಕೆ ಓಡಲು ದಾರಿಯಿಲ್ಲ. ಅದು ರಸದಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನ ಒತ್ತಡಕ್ಕಿಂತ ಸುಮಾರು ಮೂರು ಪಟ್ಟು. ಹಿಂದಿನ ಕಾಲದಲ್ಲಿ ಬಾಟಲಿಗಳು ಒಡೆದು ಕೆಲಸಗಾರರಿಗೆ ಗಾಯವಾಗುತ್ತಿತ್ತು. ಮುಖಕ್ಕೆ ಕಬ್ಬಿಣದ ಮುಖವಾಡ ಕಟ್ಟಿಕೊಂಡು ಆ ಮಾಳಿಗೆಗೆ ಇಳಿಯುತ್ತಿದ್ದರು.

ಹೀಗೆ ಬಾಟಲಿಗಳು ಕನಿಷ್ಠ 15 ತಿಂಗಳು ಮಾಳಿಗೆಯಲ್ಲಿರಬೇಕು. ಅದು ಅಲ್ಲಿಯ ಕಾನೂನು. ಅಷ್ಟರಲ್ಲಿ ಸತ್ತ ಯೀಸ್ಟ್ ಬಾಟಲಿಯ ತಳದಲ್ಲಿ ಗಸಿಯಾಗಿ ಕೂತಿರುತ್ತದೆ. ಈ ಗಸಿಯನ್ನು ತೆಗೆಯುವುದು ಹೇಗೆ? ಮುಚ್ಚಳ ತೆಗೆದರೆ ಗುಳ್ಳೆಯೂ ಹೋಗುತ್ತದೆ. ಈ ತೊಡಕನ್ನು ಬಿಡಿಸಿದ ಹೆಗ್ಗಳಿಕೆ ಒಬ್ಬ ವಿಧವೆಯದು. ಮದಾಂ ಕ್ಲೀಕೊ. 1805ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 27 ವರ್ಷ. ವ್ಯಾಪಾರವನ್ನು ಆಕೆ ಮುಚ್ಚಲಿಲ್ಲ. ತಾನೇ ಕೈಗೆತ್ತಿಕೊಂಡಳು. ಮರದ ಹಲಗೆಗೆ ತೂತು ಕೊರೆದು, ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸುವ ಕ್ರಮ ಆಕೆಯ ಮಾಳಿಗೆಯಲ್ಲಿ ರೂಢಿಗೆ ಬಂತು. ದಿನವೂ ಒಂದಿಷ್ಟು ಅಲುಗಿಸಿ, ಒಂದಿಷ್ಟು ತಿರುಗಿಸುತ್ತಾರೆ. ಗಸಿಯೆಲ್ಲ ಜಾರಿ ಬಾಟಲಿಯ ಕೊರಳಿಗೆ ಬರುತ್ತದೆ. ಈಗಿನವರು ಆ ಕೊರಳನ್ನಷ್ಟೇ ಮಂಜುಗಟ್ಟಿಸಿ ಮುಚ್ಚಳ ತೆಗೆಯುತ್ತಾರೆ. ಗಸಿಯ ಹೆಪ್ಪು ಚಿಮ್ಮಿ ಹೊರಬೀಳುತ್ತದೆ. ಕೂಡಲೇ ಬಿರಡೆ ಹಾಕಿ ತಂತಿ ಬಿಗಿಯುತ್ತಾರೆ.

ಮಧ್ಯಾಹ್ನದ ಮೇಲೆ ಓವಿಲೇ ಎಂಬ ಸಣ್ಣ ಹಳ್ಳಿಗೆ ಕರೆದೊಯ್ಯುತ್ತಾರೆ. ಅಲ್ಲಿ ಡಾಂ ಪೆರಿನ್ಯೋ ಎಂಬ ಸನ್ಯಾಸಿಯ ಸಮಾಧಿಯಿದೆ. 1715ರಲ್ಲಿ ತೀರಿಕೊಂಡವರು. ಗುಳ್ಳೆಯನ್ನು ಕಂಡುಹಿಡಿದದ್ದು ಅವರೇ ಎಂಬ ಕಥೆ ಲೋಕಪ್ರಸಿದ್ಧ. ಒಳ್ಳೆಯ ಮಾರ್ಗದರ್ಶಿ ಆ ಕಥೆಯನ್ನು ಹೇಳುತ್ತಾರೆ. ಹೇಳಿದ ಮೇಲೆ, ಇದು ಕಥೆ ಎಂದೂ ಹೇಳುತ್ತಾರೆ. ನಿಜಕ್ಕೆ ಆ ಕಾಲದಲ್ಲಿ ಬಾಟಲಿಯೊಳಗಿನ ಗುಳ್ಳೆ ಒಂದು ದೋಷವಾಗಿತ್ತು. ಸನ್ಯಾಸಿ ಅದನ್ನು ತಡೆಯಲು ಹೆಣಗಿದವರು. ಅವರ ನಿಜವಾದ ಹೆಚ್ಚುಗಾರಿಕೆ ಬೇರೆ ಬೇರೆ ತೋಟದ ಹಣ್ಣನ್ನು ಹದವಾಗಿ ಬೆರೆಸುವುದರಲ್ಲಿತ್ತು. ಜನ ನಂಬಿದ್ದನ್ನೂ ನಡೆದದ್ದನ್ನೂ ಎರಡನ್ನೂ ಹೇಳುವುದು, ಬೇರೆ ಬೇರೆ ಎಂದು ಹೇಳುವುದು. ಇದನ್ನು ನೆನಪಿಡಿ. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

2015ರಲ್ಲಿ ಈ ಸೀಮೆಯ ಬೆಟ್ಟದ ತೋಟಗಳು, ಮನೆಗಳು, ನೆಲಮಾಳಿಗೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಮನೆಯಲ್ಲ, ಕೋಟೆಯಲ್ಲ. ರೈತರ ತೋಟ, ಕೆಲಸಗಾರರ ಮಾಳಿಗೆ.

ಇಷ್ಟು ಹೊತ್ತು ಶಾಂಪೇನ್ ಸೀಮೆಯ ಒಂದು ದಿನ ಹೇಗಿರುತ್ತದೆ ಎಂದು ಕೇಳಿದಿರಿ. ಗುಡಿ, ಮಾಳಿಗೆ, ಕಸುಬು, ಹಳ್ಳಿ. ಈಗ ನಮ್ಮ ದೇಶಕ್ಕೆ ಬರೋಣ.

ನಮ್ಮಲ್ಲೂ ಗುಳ್ಳೆಯ ವೈನ್ ಆಗುತ್ತದೆ. 1980ರ ದಶಕದಲ್ಲಿ ಪುಣೆ ಹತ್ತಿರದ ನಾರಾಯಣಗಾಂವದಲ್ಲಿ ಫ್ರೆಂಚರ ನೆರವಿನಿಂದ ಶುರುವಾಯಿತು. ಆಮೇಲೆ ನಾಸಿಕ ಅದರ ದೊಡ್ಡ ಕೇಂದ್ರವಾಯಿತು. ಕರ್ನಾಟಕದ ಕಥೆಯಲ್ಲೂ ಶಾಂಪೇನಿನ ಒಂದು ಎಳೆ ಇದೆ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ವೈನ್ ದ್ರಾಕ್ಷಿಯ ತೋಟ ಎಬ್ಬಿಸಿದರು. ಅವರ ಜೊತೆ ನಿಂತವರು ಜಾರ್ಜ್ ವೆಸೆಲ್. ಶಾಂಪೇನ್ ಸೀಮೆಯ ಅನುಭವಿ. ಫ್ರಾನ್ಸಿನ ಹಲವು ತಳಿಗಳನ್ನು ಇಲ್ಲಿ ನೆಟ್ಟು ನೋಡಿದರು. ನಮ್ಮ ನೆಲಕ್ಕೆ ಒಗ್ಗಿದವನ್ನು ಉಳಿಸಿಕೊಂಡರು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ, ಕೆಂಪು ಮಣ್ಣು, ತಂಪು ರಾತ್ರಿ. ಇವು ದ್ರಾಕ್ಷಿಗೆ ಹಿಡಿಸಿದವು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು.

ಅಷ್ಟು ದೂರ ಏಕೆ? ನಮ್ಮ ಗಜೇಂದ್ರಗಡದ ಪಕ್ಕದ ಕುಷ್ಟಗಿ ತಾಲ್ಲೂಕಿನ ಗುಡ್ಡಗಳ ನಡುವೆಯೂ ವೈನ್ ದ್ರಾಕ್ಷಿಯ ತೋಟವಿದೆ. ಅಲ್ಲಿಯ ವೈನ್ ಹೊರದೇಶದವರೂ ಮೆಚ್ಚುವಷ್ಟು ಹೆಸರು ಮಾಡಿದೆ. ಉತ್ತರಕ್ಕೆ ಹೋದರೆ ವಿಜಯಪುರ. ಅಲ್ಲಿ ದ್ರಾಕ್ಷಿ ಹೆಚ್ಚಾಗಿ ಮಣೂಕವಾಗುತ್ತದೆ, ಅಂದರೆ ಒಣದ್ರಾಕ್ಷಿ. ತಿಕೋಟಾ ಕಡೆ ರಸ್ತೆಯ ಎರಡೂ ಬದಿಗೆ ಒಣಗಿಸುವ ಶೆಡ್ಡುಗಳು. ನಾವು ಗದಗ ಜಿಲ್ಲೆಯವರು ದ್ರಾಕ್ಷಿಯ ನೆರೆಹೊರೆಯವರೇ.

ಈಗ ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಫೆಬ್ರುವರಿ ತಿಂಗಳಲ್ಲಿ, ರೋಣದ ಕಡೆಯ ಒಂದಿಷ್ಟು ರೈತರು ನಂದಿಬೆಟ್ಟದ ತಪ್ಪಲಿನ ಒಂದು ತೋಟ ನೋಡಲು ಹೊರಟರು. ನಾನೂ ಜೊತೆಯಾದೆ. ಗದಗದಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ವ್ಯಾನು. ಬುತ್ತಿ ನಮ್ಮದೇ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ನಮ್ಮನ್ನು ಕರೆದುಕೊಂಡು ಹೋಗಲು ಬಂದವಳು ಅಲ್ಲೇ ಪಕ್ಕದ ಹಳ್ಳಿಯ ಒಬ್ಬ ಹುಡುಗಿ. ಇಪ್ಪತ್ತೈದರ ಒಳಗಿನ ವಯಸ್ಸು. ಕಟ್ಟಡದ ಒಳಗೆ ಕರೆದಳೇ? ಇಲ್ಲ. ನೇರ ತೋಟಕ್ಕೆ ನಡೆಸಿದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮುಂದೆ ಹಿಡಿದಳು.

"ಮೊದಲು ಮಣ್ಣು ಮುಟ್ಟಿ ನೋಡಿ ಸಾರ್. ಹಣ್ಣು ಆಮೇಲೆ."

ನಮ್ಮಲ್ಲಿ ಹಿರಿಯ ರೈತರೊಬ್ಬರು ಮಣ್ಣನ್ನು ಅಂಗೈಯಲ್ಲಿ ಉಜ್ಜಿದರು.

"ತಂಗೀ, ಇದು ನಮ್ಮ ಕಡೆ ಮಸಾರಿ ಇದ್ದಂಗ ಐತಲ್ಲ."

"ನಿಮ್ಮೂರಲ್ಲೂ ಇಂಥ ಮಣ್ಣು ಇದ್ಯಾ ಅಣ್ಣ?"

"ಗಜೇಂದ್ರಗಡದ ಕಡೆ ಐತಿ. ನಮ್ಮ ರೋಣದಾಗ ಬರೇ ಎರಿ. ಮಳಿ ಬಂದ್ರ ಕಾಲಿಗೆ ಹತ್ತತೈತಿ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ."

ಹುಡುಗಿ ಚೀಲದಿಂದ ಸಣ್ಣ ಪುಸ್ತಕ ತೆಗೆದಳು. ಕೆಂಪು ಮಣ್ಣಿಗೆ ಮಸಾರಿ, ಕಪ್ಪು ಮಣ್ಣಿಗೆ ಎರಿ ಎಂಬ ಎರಡು ಮಾತು ಬರೆದುಕೊಂಡಳು. ದಿನವೂ ಮಾತಾಡುವ ಕೆಲಸದವಳು. ಆದರೂ ಕಿವಿ ತೆರೆದಿಟ್ಟಿದ್ದಳು. ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಆಮೇಲೆ ಬಳ್ಳಿಯ ವಿಚಾರ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ನಿದ್ದೆ ಹೋಗುತ್ತದೆ. ಹಣ್ಣು ಕೊಯ್ಯುವುದು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ. ವಿಜಯಪುರದವರು ಇದನ್ನೇ ಚಾಟ್ನಿ ಎನ್ನುವುದು. ಎರಡು ಸಲ ಕತ್ತರಿಸಿ, ಒಂದು ಸಲ ಹಣ್ಣು. ಮಳೆಗಾಲ ಕಳೆದು ಬೇಸಿಗೆ ಏರುವ ಮೊದಲು ಕೊಯ್ಲು. ಗುಳ್ಳೆಯ ವೈನಿಗೆ ಬೇಕಾದ ಹಣ್ಣನ್ನು ಇನ್ನೂ ಮುಂಚೆ ಕೊಯ್ಯುತ್ತಾರೆ. ಅದರಲ್ಲಿ ಹುಳಿ ಉಳಿದಿರಬೇಕು.

ಅವಳು ಒಂದು ಕಪ್ಪು ದ್ರಾಕ್ಷಿ ಕಿತ್ತು ನಮ್ಮ ಕೈಗೆ ಕೊಟ್ಟಳು. ಮೆಲ್ಲಗೆ ಹಿಂಡಿ ಎಂದಳು. ಹಿಂಡಿದೆವು. ಹೊರಬಂದ ರಸಕ್ಕೆ ಬಣ್ಣವೇ ಇರಲಿಲ್ಲ. ನೀರಿನ ಹಾಗಿತ್ತು. ಬಣ್ಣವೆಲ್ಲ ಸಿಪ್ಪೆಯಲ್ಲಿದೆ. ಸಿಪ್ಪೆಯ ಜೊತೆ ರಸ ನೆನೆದರೆ ಕೆಂಪು ವೈನ್. ಬೇಗನೆ ಸಿಪ್ಪೆ ಬೇರೆ ಮಾಡಿದರೆ ಕಪ್ಪು ಹಣ್ಣಿನಿಂದಲೇ ಬಿಳಿ ವೈನ್. ಶಾಂಪೇನಿನಲ್ಲಿ ಬಿಳಿಯಾಗಿ ಕಾಣುವ ವೈನಿನಲ್ಲಿ ಕಪ್ಪು ಹಣ್ಣಿನ ಪಾಲು ಬಹಳ. ಈ ವಿಷಯವನ್ನು ಪುಸ್ತಕದಲ್ಲಿ ಓದಿದ್ದರೆ ನಾನು ಮರೆಯುತ್ತಿದ್ದೆ. ಬೆರಳಿಗೆ ಅಂಟಿದ್ದು ಮರೆಯಲಿಲ್ಲ.

ಒಳಗೆ ಹೋದಾಗ ಮೊದಲು ತಿಳಿದದ್ದು ವಾಸನೆ. ನೀವು ಆ ಜಾಗದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದೀರಿ ಅಂದುಕೊಳ್ಳಿ. ಮೊದಲ ಕೋಣೆಯಲ್ಲಿ ಹುಳಿ ಹಿಟ್ಟಿನ ವಾಸನೆ. ಅಲ್ಲಿ ಆಳೆತ್ತರದ ಎರಡರಷ್ಟು ಸ್ಟೀಲ್ ಟ್ಯಾಂಕುಗಳು. ಎರಡನೆಯ ಕೋಣೆಯಲ್ಲಿ ಹಸಿ ಮರದ ವಾಸನೆ. ಅಲ್ಲಿ ಓಕ್ ಮರದ ಪೀಪಾಯಿಗಳು, ನಮ್ಮ ಎತ್ತು ಮಲಗಿದಷ್ಟು ಗಾತ್ರ, ಸಾಲಾಗಿ. ಹೊರಗೆ ಬಿಸಿಲು, ಒಳಗೆ ಮೈ ನಡುಗುವ ತಂಪು. ಮಾತಾಡಿದರೆ ದನಿ ಮೆತ್ತಗೆ ತಿರುಗಿ ಬರುತ್ತಿತ್ತು. ಅವಳು ಅಲ್ಲಿ ಹೆಚ್ಚು ಮಾತಾಡಲಿಲ್ಲ. ಒಂದು ನಿಮಿಷ ಸುಮ್ಮನೆ ನಿಲ್ಲಿ ಎಂದಳು. ನಿಂತೆವು.

ಕೊನೆಗೆ ರುಚಿ ನೋಡುವ ಮೇಜು. ನಮ್ಮಲ್ಲಿ ಹೆಚ್ಚಿನವರು ಬೇಡ ಎಂದೆವು. ಅವಳು ಒತ್ತಾಯ ಮಾಡಲಿಲ್ಲ. ನಮಗೆ ದ್ರಾಕ್ಷಿಯ ಹಣ್ಣಿನ ರಸ ಬಂತು. ಬೇರೆ ಊರಿನಿಂದ ಬಂದವರು ರುಚಿ ನೋಡಿದರು. ಒಂದು ಗುಟುಕು ಬಾಯಿಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಿದ್ದರು. ರುಚಿ ತಿಳಿಯಲು ನುಂಗಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತೇ. ಇಂಥ ಸೀಮೆಗೆ ಹೋಗುವವರಿಗೆ ಒಂದು ಮಾತು ಹೇಳಲೇಬೇಕು. ಗಾಡಿ ಓಡಿಸುವವರು ಒಂದು ಹನಿಯನ್ನೂ ಮುಟ್ಟಬಾರದು. ಮಾರ್ಗದರ್ಶಿಯ ಜೊತೆ, ಬಾಡಿಗೆ ವ್ಯಾನಿನಲ್ಲಿ ಹೋಗುವುದು ಒಳ್ಳೆಯದು ಎನ್ನುವುದಕ್ಕೆ ಇದು ದೊಡ್ಡ ಕಾರಣ.

ಮರಳಿ ಬರುವಾಗ ರೈಲಿನಲ್ಲಿ ಆ ಹಿರಿಯ ರೈತರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಆಮೇಲೆ ಹೇಳಿದರು.

"ಆ ಹುಡುಗಿ ನಮ್ಮೂರಾಗ ಹುಟ್ಟಿದ್ರ, ಸೂಡಿ ಅನ್ನೋ ಊರು ಊರಿಗೆಲ್ಲ ಗೊತ್ತಾಗತಿತ್ತು ನೋಡ್ರಿ."

ನನಗೆ ಎದೆಗೆ ನಾಟಿದ ಮಾತು ಅದು. ಅದಕ್ಕೊಂದು ಹಿಂದಿನ ಕಾರಣವಿದೆ. ಆ ಪಯಣಕ್ಕೂ ಮೊದಲು, ಮೈಸೂರಿನಿಂದ ಬಂದ ಬೀಗರನ್ನು ನಾನು ನಮ್ಮ ಸೀಮೆಯ ಹಳೆಯ ಗುಡಿಗಳ ಊರಾದ ಸೂಡಿಗೆ ಕರೆದೊಯ್ದಿದ್ದೆ. ಹೆಮ್ಮೆಯಿಂದಲೇ ಕರೆದೊಯ್ದಿದ್ದೆ. ಗುಡಿಯ ಬಳಿ ತಿಳಿದು ಹೇಳುವವರು ಯಾರೂ ಇರಲಿಲ್ಲ. ಬೀಗರು ಕೇಳಿದರು, ಇದನ್ನು ಕಟ್ಟಿಸಿದವರು ಯಾರು? ನನಗೆ ಉತ್ತರ ಕೊಡಲಾಗಲಿಲ್ಲ. ಹತ್ತು ನಿಮಿಷಕ್ಕೆ ಎಲ್ಲರೂ ಗಾಡಿ ಹತ್ತಿದೆವು. ಮೂವತ್ತು ವರ್ಷ ಆ ಗುಡಿಯ ಮುಂದೆ ಓಡಾಡಿದ ನನಗೆ ಅದರ ಬಗ್ಗೆ ಒಂದು ವಾಕ್ಯವೂ ಗೊತ್ತಿರಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಕೇಳುಗರೇ, ಇಲ್ಲಿಯವರೆಗೆ ದ್ರಾಕ್ಷಿ ಸೀಮೆ ನೋಡಿದಿರಿ. ಮಣ್ಣಿನಿಂದ ಶುರು ಮಾಡುತ್ತಾರೆ. ಕೈಗೆ ಮುಟ್ಟಿಸುತ್ತಾರೆ. ಕಥೆಯನ್ನೂ ನಿಜವನ್ನೂ ಬೇರೆ ಮಾಡಿ ಹೇಳುತ್ತಾರೆ. ಸುಮ್ಮನಿರಬೇಕಾದಲ್ಲಿ ಸುಮ್ಮನಿರುತ್ತಾರೆ. ಈಗ ನಮ್ಮ ಮೂರು ಊರಿಗೆ ಇಂಥ ಒಂದು ದಿನವನ್ನು ಕಟ್ಟಿ ನೋಡೋಣ.

ಬೆಳಿಗ್ಗೆ ರೋಣದಿಂದ ಹೊರಡಿ. ಊರಿನ ಒಳಗೇ ಹಳೆಯ ಗುಡಿಗಳಿವೆ. ಆದರೆ ಮೊದಲು ಹೊಲಕ್ಕೆ ಇಳಿಸಿ. ಕಡಲೆ, ಬಿಳಿಜೋಳ, ಹತ್ತಿ ಬೆಳೆಯುವ ಎರೆ ಮಣ್ಣನ್ನು ಕೈಗೆ ಕೊಡಿ. ಹಿಂಗಾರಿ ಬೆಳೆ ಮಳೆಯಿಲ್ಲದೆ, ಬರೀ ನೆಲದ ತೇವದ ಮೇಲೆ, ಇಬ್ಬನಿಯ ಮೇಲೆ ಹೇಗೆ ನಿಲ್ಲುತ್ತದೆ ಎಂದು ಹೇಳಿ. ಬೆಂಗಳೂರಿನವರಿಗೆ ಇದೇ ದೊಡ್ಡ ಸೋಜಿಗ.

ಅಲ್ಲಿಂದ ಸೂಡಿ. ಇಲ್ಲಿ ನಿಧಾನಿಸಬೇಕು. 11ನೆಯ ಶತಮಾನದಲ್ಲಿ ಇದು ಕಲ್ಯಾಣದ ಚಾಲುಕ್ಯರ ಮುಖ್ಯ ಊರು. ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇಲ್ಲಿತ್ತು. ಈ ಸೀಮೆಯನ್ನು ಆಳಿದವಳು ಅಕ್ಕಾದೇವಿ. ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸೋದರಿ. ಆಡಳಿತ ಮಾಡಿದಳು, ದಂಡು ಕಟ್ಟಿಕೊಂಡು ಗೋಕಾಕದ ಕೋಟೆಗೆ ಮುತ್ತಿಗೆಯನ್ನೂ ಹಾಕಿದಳು. ಫ್ರಾನ್ಸಿನ ಒಬ್ಬ ವಿಧವೆಯ ಕಥೆಯನ್ನು ಲೋಕದ ಜನ ನೆಲಮಾಳಿಗೆಗೆ ಇಳಿದು ಕೇಳುತ್ತಾರೆ. ಅಕ್ಕಾದೇವಿಯ ಕಥೆಯನ್ನು ಹೇಳಲು ಸೂಡಿಯಲ್ಲಿ ಒಂದು ದನಿ ಬೇಡವೇ?

ಸೂಡಿಯ ಜೋಡು ಕಳಸದ ಗುಡಿಯನ್ನು ಹೇಗೆ ವರ್ಣಿಸಲಿ? ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ನಡುವೆ ಒಂದೇ ಮಂಟಪ. ಮೇಲೆ ಎರಡು ಶಿಖರ. ಎದುರುಬದುರು ಕೂತು ಮಾತಾಡುವ ಇಬ್ಬರು ಹಿರಿಯರನ್ನು ನೆನೆಸಿಕೊಳ್ಳಿ. ಹಾಗಿದೆ. ಹತ್ತಿರದಲ್ಲೇ ನಾಗಕುಂಡ. ಅದೊಂದು ಮೆಟ್ಟಿಲುಬಾವಿ. ದೂರದಿಂದ ಕಾಣುವುದಿಲ್ಲ, ನೆಲಕ್ಕಿಂತ ಕೆಳಗಿದೆ. ಅಂಚಿಗೆ ಹೋಗಿ ಬಗ್ಗಿದರೆ ಮಾತ್ರ ತಿಳಿಯುತ್ತದೆ. ಗುಡಿಯ ಹೊರಗೋಡೆಗೆ ಮಾಡುವ ಕೆತ್ತನೆಯನ್ನು ಇಲ್ಲಿ ಬಾವಿಯ ಒಳಗೋಡೆಗೆ ಮಾಡಿದ್ದಾರೆ. ನೀರು ತುಂಬಿದರೆ ಮುಳುಗಿಹೋಗುವ ಗೋಡೆಗೆ ಅಷ್ಟು ಕುಸುರಿ. ಕುಡಿಯುವ ನೀರಿಗೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆ ಅದು. ಇಲ್ಲಿ ಮಾರ್ಗದರ್ಶಿ ಒಂದು ನಿಮಿಷ ಸುಮ್ಮನಿರಲಿ. ಬಂದವರು ಮೆಟ್ಟಿಲ ಮೇಲೆ ಕೂರಲಿ.

ದಾರಿಯಲ್ಲಿ ಇಟಗಿಯ ಗೊಂದಲವನ್ನೂ ಬಿಡಿಸಬೇಕು. ನಮ್ಮ ಇಟಗಿ ಭೀಮಾಂಬಿಕೆಯ ಕ್ಷೇತ್ರ. ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಇಟಗಿ ಇದೆ. ಅಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ. ಹೊರಗಿನವರು ಒಂದಕ್ಕೆ ಹೊರಟು ಇನ್ನೊಂದನ್ನು ತಲುಪುತ್ತಾರೆ.

ಮಧ್ಯಾಹ್ನಕ್ಕೆ ಗಜೇಂದ್ರಗಡ. ಎರಿ ಮುಗಿದು ಮಸಾರಿ ಬಂತೆಂದು ಕಾಲಿಗೇ ಗೊತ್ತಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಿಂದ ವಿದ್ಯುತ್ ಮಾಡುವ ಯಂತ್ರಗಳು. ಅವುಗಳ ರೆಕ್ಕೆಯ ಸದ್ದು ಹತ್ತಿರ ಹೋದರೆ ಹೂಂ ಹೂಂ ಎಂದು ಕೇಳುತ್ತದೆ. ಊರಿನ ಓಣಿಗಳಲ್ಲಿ ಮಗ್ಗದ ಸದ್ದು. ಕಾಲಕಾಲೇಶ್ವರನ ಗುಡಿ ಗುಡ್ಡದ ಬಂಡೆಗೆ ಒರಗಿಕೊಂಡಿದೆ. ದಕ್ಷಿಣ ಕಾಶಿ ಎಂಬ ಹೆಸರು. ಮರದ ಬೇರಿನ ಸಂದಿಯಿಂದ ನೀರು ಹೊಂಡಕ್ಕೆ ಬೀಳುತ್ತಲೇ ಇರುತ್ತದೆ. ಅಂತರಗಂಗೆ ಎನ್ನುತ್ತೇವೆ. ಇಲ್ಲಿ ಮಾರ್ಗದರ್ಶಿ ಭಕ್ತರ ನಂಬಿಕೆಯನ್ನು ಗೌರವದಿಂದ ಹೇಳಲಿ. ಗುಡ್ಡದ ಕಲ್ಲು ಮಳೆನೀರನ್ನು ಕುಡಿದು ನಿಧಾನವಾಗಿ ಬಿಡುವ ಬಗೆಯನ್ನೂ ಹೇಳಲಿ. ಓವಿಲೇ ಹಳ್ಳಿಯ ಸನ್ಯಾಸಿಯ ಸಮಾಧಿಯ ಮುಂದೆ ಹೇಳುವ ಹಾಗೆ, ಎರಡನ್ನೂ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ. ಸಂಜೆಯಾದರೆ ಗಿರ್ಮಿಟ್ ಮತ್ತು ಮಿರ್ಚಿ. ರುಚಿ ನೋಡುವ ಮೇಜು ನಮ್ಮಲ್ಲೂ ಇದೆ.

ಅಲ್ಲಿಂದ ನರಗುಂದ. ಈ ಎರಡು ಊರಿಗೆ ಒಂದು ನಂಟಿದೆ. ನಮ್ಮವರಲ್ಲಿಯೇ ಬಹಳ ಜನರಿಗೆ ಅದು ತಿಳಿಯದು. 1785ರಲ್ಲಿ ಟಿಪ್ಪು ಸುಲ್ತಾನನ ದಂಡು ನರಗುಂದದ ಕೋಟೆಯನ್ನು ಮುತ್ತಿತು. ಅದೇ ಕಾರಣವಾಗಿ ಮರಾಠರಿಗೂ ಮೈಸೂರಿಗೂ ಯುದ್ಧ ಹತ್ತಿತು. ಆ ಯುದ್ಧ ಮುಗಿದದ್ದು 1787ರಲ್ಲಿ, ಗಜೇಂದ್ರಗಡದ ಒಪ್ಪಂದದಿಂದ. ನರಗುಂದದಲ್ಲಿ ಹೊತ್ತಿದ ಬೆಂಕಿ ಗಜೇಂದ್ರಗಡದಲ್ಲಿ ಆರಿತು. ಒಂದೇ ದಿನದ ಪಯಣದಲ್ಲಿ ಈ ಎರಡು ಊರಿನ ಕೋಟೆಗಳನ್ನು ಹತ್ತಿಸಿದರೆ ಇತಿಹಾಸ ಕಾಲಿಗೆ ತಿಳಿಯುತ್ತದೆ.

ನರಗುಂದದ ಗುಡ್ಡ ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಕಪ್ಪು ನೆಲ. 1858ರ ಮೇ ತಿಂಗಳ ಕೊನೆಯಲ್ಲಿ ಇಲ್ಲಿಯ ಅರಸ ಭಾಸ್ಕರರಾವ್ ಭಾವೆ, ನಮ್ಮ ಬಾಬಾಸಾಹೇಬ, ಬ್ರಿಟಿಷರ ವಿರುದ್ಧ ಎದ್ದ. ಸುರೇಬಾನದಲ್ಲಿ ಅವರ ಅಧಿಕಾರಿ ಮ್ಯಾನ್ಸನ್ ಹತನಾದ. ಎರಡೇ ವಾರದಲ್ಲಿ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಗುಡ್ಡ ಇಳಿದು ಊರಿಗೆ ಬಂದರೆ ಇನ್ನೊಂದು ನೆನಪು ಕಾದಿದೆ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಗೆ ಎದುರು ನಿಂತ ದಿನ. ಗುಂಡು ಹಾರಿತು, ರೈತರು ಸತ್ತರು. ಕರ್ನಾಟಕದ ರೈತ ಚಳವಳಿ ಬಲಗೊಂಡದ್ದು ಅಲ್ಲಿಂದ. ಪ್ರತಿ ವರ್ಷ ಆ ದಿನ ರೈತರು ಹುತಾತ್ಮರ ವೀರಗಲ್ಲಿನ ಬಳಿ ಸೇರುತ್ತಾರೆ. ಪಯಣದ ಕೊನೆಯ ತಾಣ ಇದಾಗಲಿ. ಬೆಳಿಗ್ಗೆ ಕೈಗೆ ಮುಟ್ಟಿಸಿದ ಮಣ್ಣಿಗೆ ಏನು ಬೆಲೆ ತೆತ್ತಿದ್ದಾರೆಂದು ಆಗ ಹೇಳಬೇಕಿಲ್ಲ, ತಿಳಿಯುತ್ತದೆ.

ಹಾಗಾದರೆ ನಮಗೆ ಏನು ಕಡಿಮೆಯಾಗಿದೆ? ಜನ ಬರುವುದಿಲ್ಲ ಎನ್ನುವಂತಿಲ್ಲ. ಬಾದಾಮಿ, ಪಟ್ಟದಕಲ್ಲು ನೋಡಿ ಹಂಪಿಗೆ ಹೋಗುವ ಎಷ್ಟೋ ಗಾಡಿಗಳು ನಮ್ಮ ಗಜೇಂದ್ರಗಡದ ಮೇಲೆಯೇ ಹಾಯುತ್ತವೆ. ಅವುಗಳಲ್ಲಿ ಬಂದವರು ಪೆಟ್ರೋಲ್ ಹಾಕಿಸುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಅವರನ್ನು ತಡೆದು ನಿಲ್ಲಿಸಲು ಬೇಕಾದದ್ದು ಒಬ್ಬ ಮನುಷ್ಯ. ತಿಳಿದವನು, ತಿಳಿಸುವ ಮನಸ್ಸಿದ್ದವನು.

ನಿವೃತ್ತ ಮೇಷ್ಟರುಗಳಲ್ಲಿ ನನ್ನ ಕೋರಿಕೆ. ನಿಮ್ಮಲ್ಲಿ ಶಾಸನ ಓದಬಲ್ಲವರಿದ್ದೀರಿ, ಊರಿನ ಹಳೆಯ ಮಾತು ಬಲ್ಲವರಿದ್ದೀರಿ. ನಾಲ್ಕು ಹುಡುಗ ಹುಡುಗಿಯರನ್ನು ಕರೆದು ಕೂರಿಸಿ ಹೇಳಿಕೊಡಿ. ಕಾಲೇಜಿನ ಮಕ್ಕಳಲ್ಲಿಯೂ ಕೇಳುತ್ತೇನೆ. ರಜೆಯ ದಿನ ಒಂದು ಗುಡಿಯನ್ನು ಹಿಡಿಯಿರಿ. ಅದರ ಬಗ್ಗೆ ಖಚಿತವಾದ ಐದು ಮಾತು ಕಲಿಯಿರಿ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡಿ.

ಬೀಗರು ಬಂದು ಹೋದ ಮೇಲೆ ನಾನು ಸೂಡಿಗೆ ಬಹಳ ಸಲ ಹೋಗಿದ್ದೇನೆ. ಹೋಗುವಾಗಲೆಲ್ಲ ಊರಿನ ಒಂದಿಬ್ಬರು ಮಕ್ಕಳನ್ನು ಜೊತೆ ಕರೆದುಕೊಂಡು ನಾಗಕುಂಡದ ಮೆಟ್ಟಿಲ ಮೇಲೆ ಕೂರಿಸಿ ಅಕ್ಕಾದೇವಿಯ ವಿಷಯ ಹೇಳುತ್ತೇನೆ. ಮುಂದಿನ ಹಬ್ಬಕ್ಕೆ ನಿಮ್ಮ ಮನೆಗೂ ನೆಂಟರು ಬರುತ್ತಾರೆ. ಒಂದು ದಿನ ಮುಂಚೆ ನೀವೊಬ್ಬರೇ ಸೂಡಿಗೆ ಹೋಗಿ ಬನ್ನಿ. ಮರುದಿನ ಅವರನ್ನು ಕರೆದೊಯ್ಯಿರಿ.